ಮನಸ್ಸಿನ ಸವಾರ

ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡನು 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನಸ್ಸಿಗೆ ಮೂರು ಅಂಗಗಳನ್ನು ಹೇಳಿದನು. ಪರೀಕ್ಷೆಯಲ್ಲಿ ಉತ್ತರ ಹೊಳೆಯದಾಗ ‘ನೆರೆಯವನ ಹಾಳೆಯನ್ನು ನೋಡು’ ಎಂದು ಪ್ರೇರಿಸುವುದು ‘ಇದ್’. ಇದು ಹುಟ್ಟಿನೊಡನೆ ಬಂದ ಬಯಕೆಗಳ ನೆಲೆ. ‘ಛೀ, ತಪ್ಪು!’ ಎಂದು ಗದರುವುದು ‘ಅತ್ಯಹಂ’. ಬಾಲ್ಯದಲ್ಲಿ ಕೇಳಿದ ತಾಯಿತಂದೆಯರ ವಿಧಿನಿಷೇಧಗಳೇ ಇಲ್ಲಿ ಒಳದನಿಯಾಗಿ ನೆಲೆಸಿವೆ. ಇವೆರಡನ್ನೂ ಹೊರಜಗತ್ತನ್ನೂ ತೂಗಿ ನೋಡುವುದು ‘ಅಹಂ’. ಈ ಮೂರರ ಹೊಂದಾಣಿಕೆಯಂತೆ ವ್ಯಕ್ತಿತ್ವವು ರೂಪುಗೊಳ್ಳುವುದು. ಫ್ರಾಯ್ಡನು ‘ಇದ್’ ಅನ್ನು ಕುದುರೆಗೂ ಅಹಂ ಅನ್ನು ಸವಾರನಿಗೂ ಹೋಲಿಸಿದನು.

ಅವನ ಅನೇಕ ಮತಗಳನ್ನು ಅನಂತರದ ವಿದ್ವಾಂಸರು ಒಪ್ಪಲಿಲ್ಲ. ಆದರೂ ಈ ಹೋಲಿಕೆಯಿಂದ ನಾವು ಕಲಿಯಬೇಕಾದುದುಂಟು. ಕೆಟ್ಟ ಬಯಕೆ ಮೂಡಿದ ಮಾತ್ರಕ್ಕೆ ನಾವು ಕೆಟ್ಟವರಾಗುವುದಿಲ್ಲ. ಕುದುರೆಯನ್ನು ಕೊಂದವನು ಊರು ಸೇರಲಾರನು. ಕಡಿವಾಣ ಬಿಟ್ಟವನೂ ಸೇರಲಾರನು.