ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಹೊಸ ಕೈ

ಕಲಾ ಕಾಲೇಜಿನ ಪತ್ರಿಕೆಯಲ್ಲಿ ಮೋಟಾರು ಕಾರಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಇತಿಹಾಸವನ್ನೂ ತರ್ಕಶಾಸ್ತ್ರವನ್ನೂ ಓದುವ ನಮಗೆ ಸ್ಪ್ಯಾನರಿನ ಗೊಡವೆ ಬೇಡವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಕೆಟ್ಟು ನಿಂತ ಯಂತ್ರವೊಂದನ್ನು ಮತ್ತೆ ನಡೆಯುವಂತೆ ಮಾಡುವುದು ತರ್ಕದ ಕೆಲಸವೇ ಆಗಿದೆ. ಕಾರ್ಯವನ್ನು ಕಂಡು ಕಾರಣವನ್ನು ಹುಡುಕುವ ಅಭ್ಯಾಸ ಅಲ್ಲಿ ಹೆಜ್ಜೆಹೆಜ್ಜೆಗೂ ಬೇಕು. ಯಂತ್ರಶಿಕ್ಷಣವಿಲ್ಲದವನೊಬ್ಬನು ಸ್ವಲ್ಪ ಹಣಕ್ಕೆ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತನ್ನ ಕೈಯಿಂದಲೇ ಅದಕ್ಕೆ ಜೀವ ಬರಿಸಬಲ್ಲನೇ? ಬಲ್ಲನು, ಆದರೆ ಕೆಲಸದ ಕ್ರಮವನ್ನು ತಿಳಿದಿದ್ದರೆ ಮಾತ್ರ. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಹವ್ಯಾಸವು ಆಳವಾಗಿ ಬೇರೂರಿರುವ ದೇಶ ಇಂಗ್ಲೆಂಡು. ಆದುದರಿಂದ ಅಲ್ಲಿನ ಎಂ.ಜಿ.ಬಿ. ಎಂಬ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಹೆಸರಿನ ಮೊದಲಕ್ಷರಗಳೇ ಎಂ.ಜಿ. ಎಂದಾದವು. ಆಕ್ಸ್‌ಫರ್ಡಿಗೆ ಸಮೀಪದಲ್ಲಿರುವ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಮುಚ್ಚಿದ ಛಾವಣಿಯ ಜಿ.ಟಿ. ಮಾದರಿಯೂ ಸೇರಿ ಒಟ್ಟು 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ನಾಲ್ಕು ಸಿಲಿಂಡರುಗಳ ಇದರ ಎಂಜಿನಿನ ಅಳತೆ 1798 ಘನ ಸೆಂಟಿಮೀಟರು. ನಮ್ಮ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಇದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನು ಕೂಡ ಇದೇ ಕುಲಕ್ಕೆ ಸೇರಿದ್ದು. ಅಂಬಾಸಿಡರಿನ ಬಾನೆಟ್ಟಿನೊಳಗೆ ಕೈಯಾಡಿಸಿ ಬಲ್ಲ ನಮ್ಮೂರಿನ ಮೆಕ್ಯಾನಿಕ್ ಎಂ.ಜಿ.ಬಿ.ಯ ಮುಂದೆ ನಿಂತರೆ ದೂರದ ನೆಂಟನನ್ನು ಕಂಡಂತೆ ಆದೀತು.

ಹೊಸಬನಿಗೆ ಈ ಕಾರು ಒಳ್ಳೆಯದೆನ್ನಲು ಎರಡು ಕಾರಣಗಳಿವೆ. ಇದರ ರಚನೆ ಸರಳವಾದುದು. ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಎರಡನೆಯದಾಗಿ, ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಹಳೆಯ ಅಚ್ಚುಗಳನ್ನು ಉಪಯೋಗಿಸಿ 1988ರಿಂದ ಇಡೀ ಒಡಲನ್ನೇ ಹೊಸದಾಗಿ ತಯಾರಿಸುವ ಏರ್ಪಾಡೂ ಇಂಗ್ಲೆಂಡಿನಲ್ಲಿ ಆಯಿತು.

ಇನ್ನು ಕ್ರಮದ ಮಾತು. ಹೊಸಬನಿಗೆ ಮೊದಲು ಎಂಜಿನಿನ ಸದ್ದು ಕೇಳಬೇಕೆಂಬ ಆಸೆ. ಅನಂತರ ಕಾರು ಓಡಬೇಕು. ಅದು ನಿಲ್ಲುವ ಚಿಂತೆ ಆಮೇಲಿನದು. ಒಡಲಿನ ಒಳಗೇನಿದೆ ಎಂಬ ಯೋಚನೆ ಕಟ್ಟಕಡೆಗೆ. ಕಾರಿನ ಅಗತ್ಯವಾದರೋ ಇದಕ್ಕೆ ತೀರ ವಿರುದ್ಧವಾದುದು. ಮೊದಲು ಒಡಲು, ಅನಂತರ ಬ್ರೇಕು, ಕೊನೆಗೆ ಎಂಜಿನು. ಆಸೆಯ ಕ್ರಮವನ್ನು ಹಿಡಿದವನು ಹಣವನ್ನು ಕಳೆದುಕೊಳ್ಳುತ್ತಾನೆ. ಕೆಲವು ವೇಳೆ ಪ್ರಾಣಕ್ಕೂ ಅಪಾಯ ತಂದುಕೊಳ್ಳುತ್ತಾನೆ.

ಒಡಲಿನ ವಿಚಾರವನ್ನು ಮೊದಲು ನೋಡೋಣ. ಎಂ.ಜಿ.ಬಿ.ಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಮಡಿಸಿ ಬೆಸೆದು ಮಾಡಿದ ಒಡಲೇ ಅದರ ಬೆನ್ನೆಲುಬು. ತೆರೆದ ಕಾರಿಗೆ ಛಾವಣಿಯ ಆಸರೆಯೂ ಇಲ್ಲದಿರುವುದರಿಂದ, ಮುಂಭಾಗವನ್ನೂ ಹಿಂಭಾಗವನ್ನೂ ಬಿಗಿಯಾಗಿ ಹಿಡಿದಿಡುವ ಕೆಲಸದ ಬಹುಪಾಲು ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತೊಲೆಗಳ ಮೇಲೆ ಬೀಳುತ್ತದೆ. ಇವುಗಳಿಗೆ ಸಿಲ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗಳ ಮೇಲೆ ಹಿಮ ಕಟ್ಟದಿರಲೆಂದು ಉಪ್ಪನ್ನು ಚೆಲ್ಲುತ್ತಾರೆ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಕಬ್ಬಿಣ ತುಕ್ಕಾಗುವ ಕ್ರಿಯೆ ತ್ವರಿತವಾಗುತ್ತದೆ. ಚಕ್ರಗಳು ಎರಚಿದ ಈ ಉಪ್ಪುಕೆಸರು ಸಿಲ್ಲಿನ ಮೂಲೆಗಳಲ್ಲಿ ಸೇರಿಕೊಂಡು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಲೋಹವನ್ನು ತಿಂದುಹಾಕುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹಳೆಯ ಕಾರಿನ ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣಗಳೇನೂ ಬೇಡ. ಚಿಕ್ಕ ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಸಿಲ್ಲಿನ ಉದ್ದಕ್ಕೂ ಸರಿಸಿಕೊಂಡು ಹೋಗಬೇಕು. ಅದು ಹಿಡಿಯದ ಸ್ಥಳದಲ್ಲಿ ಉಕ್ಕಿಲ್ಲ. ತೂತನ್ನು ಮುಚ್ಚಿದ ಫಿಲ್ಲರಿನ ಲೇಪವಿದೆ. ಎರಡನೆಯ ಪರೀಕ್ಷೆ ಬಾಗಿಲಿನದು. ಬಾಗಿಲಿಗೂ ಅದರ ಹಿಂದಿನ ತಗಡಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಬಾಗಿದೆಯೆಂದು ಸಂದೇಹಿಸಬೇಕು. ಮೂರನೆಯದಾಗಿ, ಮಾರುವವನ ಒಪ್ಪಿಗೆ ಪಡೆದು ಒಳಗಿನ ನೆಲಹಾಸನ್ನು ಎತ್ತಿ, ದೀಪ ಹಿಡಿದು, ನೆಲದ ತಗಡು ಸಿಲ್ಲನ್ನು ಕೂಡುವ ಅಂಚನ್ನು ನೋಡಬೇಕು. ಕೊಳೆತ ಒಳತಗಡಿನ ಮೇಲೆ ಹೊಸ ಹೊರತಗಡನ್ನು ಬೆಸೆದು ಮಾರುವುದು ಹಳೆಯ ಉಪಾಯ. ಹೊಸ ತಗಡು ಕಣ್ಣಿಗೆ ಸಮಾಧಾನವನ್ನು ಕೊಡುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ.

ಇಲ್ಲಿಂದ ಒಂದು ಸೂತ್ರ ದೊರೆಯುತ್ತದೆ. ಸವೆದ ಎಂಜಿನೂ ಗಟ್ಟಿಯಾದ ಒಡಲೂ ಇರುವ ಕಾರು, ನಯವಾಗಿ ಓಡುವ ಎಂಜಿನೂ ಕೊಳೆತ ಒಡಲೂ ಇರುವ ಕಾರಿಗಿಂತ ಕೊನೆಯ ಲೆಕ್ಕದಲ್ಲಿ ಅಗ್ಗ. ಎಂಜಿನನ್ನು ಬಿಚ್ಚಿ ಮೇಜಿನ ಮೇಲಿಟ್ಟು ಸರಿಪಡಿಸಬಹುದು, ಇಲ್ಲವೇ ಬೇರೊಂದನ್ನು ತರಬಹುದು. ಸಿಲ್ಲನ್ನು ಕತ್ತರಿಸುವ ಕೆಲಸ ಹೊಸಬನದಲ್ಲ. ಬಾಗಿಲಿನ ಚೌಕಟ್ಟಿಗೆ ಮೊದಲು ಉಕ್ಕಿನ ಅಡ್ಡಪಟ್ಟಿಗಳನ್ನು ಬಿಗಿಯದೆ ಕತ್ತರಿಸಿದರೆ ಕಾರು ಅಲ್ಲಿಯೇ ಬಾಗಿ ಮುಂದೆ ಬಾಗಿಲೇ ಕೂರದಂತಾಗುತ್ತದೆ. ಆದುದರಿಂದ ಕೈಯಲ್ಲಿರುವ ಹಣವನ್ನೆಲ್ಲ ಕೊಳ್ಳುವ ದಿನವೇ ಮುಗಿಸದೆ ಅರ್ಧದಷ್ಟನ್ನಾದರೂ ದುರಸ್ತಿಗೆಂದು ಉಳಿಸಿಕೊಂಡವನೇ ಜಾಣ.

ಎರಡನೆಯದು ಬ್ರೇಕು. ಪೆಡಲನ್ನು ಒತ್ತಿದಾಗ ದ್ರವವೊಂದು ಆ ಒತ್ತಡವನ್ನು ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ಮುಟ್ಟಿಸುತ್ತದೆ. ಈ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ ಬ್ರೇಕು. ಸಾಮಾನ್ಯ ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ತೇವವು ಸಿಲಿಂಡರುಗಳ ಒಳಮೈಯನ್ನು ತುಕ್ಕು ಹಿಡಿಸುತ್ತದೆ. ಅಲ್ಲದೆ ದ್ರವದ ಕುದಿಯುವ ಮಟ್ಟ ಇಳಿದು, ಇಳಿಜಾರಿನಲ್ಲಿ ಬ್ರೇಕು ಕಾದಾಗ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯು ಒತ್ತಿದರೆ ಕುಗ್ಗುವ ವಸ್ತು. ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮೊದಲ ವರ್ಷಗಳ ಎಂ.ಜಿ.ಬಿ.ಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗ. ಒಂದು ರಬ್ಬರ್ ಕೊಳವೆ ಒಡೆದರೆ ಕೈಬ್ರೇಕೊಂದೇ ಗತಿ. ಆದುದರಿಂದ ರಬ್ಬರ್ ಕೊಳವೆಗಳು, ಚಕ್ರದ ಸಿಲಿಂಡರುಗಳು, ದ್ರವ ಇವಿಷ್ಟನ್ನೂ ನೋಡಲು ಚೆನ್ನಾಗಿದ್ದರೂ ಬದಲಾಯಿಸತಕ್ಕದ್ದು. ಟೈರುಗಳ ವಿಚಾರದಲ್ಲಿಯೂ ಹಾಗೆಯೇ. 2000ದಿಂದ ಈಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳು ಇರುತ್ತವೆ. 3518 ಎಂದಿದ್ದರೆ 2018ನೆಯ ವರ್ಷದ 35ನೆಯ ವಾರ ಎಂದರ್ಥ. ಗೀರುಗಳು ಆಳವಾಗಿದ್ದರೂ ವಯಸ್ಸಾದ ರಬ್ಬರು ನಂಬಿಕೆಗೆ ಅರ್ಹವಲ್ಲ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, 40 ವರ್ಷ ಮೀರಿ ಹೆಚ್ಚಿನ ಮಾರ್ಪಾಡಿಲ್ಲದೆ ಉಳಿದ ಕಾರುಗಳಿಗೆ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಎಂ.ಜಿ.ಬಿ.ಗಳೆಲ್ಲ ಈಗ ಆ ವಯಸ್ಸನ್ನು ದಾಟಿವೆ. ಇದು ಸೌಕರ್ಯವೆಂದು ತೋರಿದರೂ ವಾಸ್ತವವಾಗಿ ಒಂದು ಹೊಣೆ. ಪರೀಕ್ಷಕನ ಕಣ್ಣು ಇಲ್ಲದಾಗ ಒಡೆಯನ ಮನಸ್ಸಾಕ್ಷಿಯೇ ಪರೀಕ್ಷಕನಾಗಬೇಕು. ಕಡ್ಡಾಯವಿಲ್ಲದಿದ್ದರೂ ಹಣ ಕೊಟ್ಟು ತಪಾಸಣೆ ಮಾಡಿಸಿಕೊಳ್ಳುವುದಕ್ಕೆ ಅಡ್ಡಿಯೇನೂ ಇಲ್ಲ. ಹೊಸಬನು ಅದನ್ನು ತಪ್ಪದೆ ಮಾಡಿಸಬೇಕು.

ಈಗ ಎಂಜಿನಿಗೆ ಬರೋಣ. ಬಹುಕಾಲ ನಿಂತ ಎಂಜಿನನ್ನು ಒಮ್ಮೆಲೇ ಸ್ಟಾರ್ಟರಿನಿಂದ ತಿರುಗಿಸುವುದು ದೊಡ್ಡ ತಪ್ಪು. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಣ್ಣೆ ಹಾಕಿ ಒಂದೆರಡು ದಿನ ಬಿಡಬೇಕು. ಅನಂತರ ನಾಲ್ಕನೆಯ ಗೇರಿಗೆ ಹಾಕಿ ಕಾರನ್ನು ಮೆಲ್ಲನೆ ತಳ್ಳಿದರೆ ಎಂಜಿನು ತಿರುಗುತ್ತದೆಯೇ ಎಂಬುದು ಗೊತ್ತಾಗುತ್ತದೆ. ತಿರುಗಿದ ಮೇಲೆ ಹಳೆಯ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿ, ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲನ್ನು ಚೆಲ್ಲದಂತೆ ಬಯಲಿನಲ್ಲಿ ಹೊರತೆಗೆಯಬೇಕು. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಧಾರಣ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ನಳಿಗೆಗಳನ್ನು ಕೆಡಿಸಿ ಪೆಟ್ರೋಲು ಸೋರುವಂತೆ ಮಾಡಬಲ್ಲದು. ಬಿಸಿ ಎಂಜಿನಿನ ಮೇಲೆ ಸೋರಿದ ಪೆಟ್ರೋಲೆಂದರೆ ಬೆಂಕಿ. ಎಥೆನಾಲನ್ನು ತಡೆಯುವ ಹೊಸ ನಳಿಗೆಗಳಿಗೆ ಆಗುವ ಖರ್ಚು ಅಲ್ಪ.

ಎಂಜಿನು ಹತ್ತದಿದ್ದರೆ ಗಾಬರಿಪಡಬೇಕಾಗಿಲ್ಲ. ಅದಕ್ಕೆ ಬೇಕಾದುವು ಮೂರು: ಪೆಟ್ರೋಲು, ಕಿಡಿ, ಒತ್ತಡ. ಒಂದೊಂದನ್ನೇ ಪರೀಕ್ಷಿಸುತ್ತ ಬಂದರೆ ದೋಷ ತಾನಾಗಿ ಸಿಕ್ಕಿಬೀಳುತ್ತದೆ. ಕೀಲಿ ತಿರುಗಿಸಿದೊಡನೆ ಹಿಂಭಾಗದಿಂದ ವಿದ್ಯುತ್ ಪಂಪಿನ ಟಿಕ್ ಟಿಕ್ ಸದ್ದು ಕೇಳಿಸಿ, ಕಾರ್ಬುರೇಟರುಗಳು ತುಂಬಿದಂತೆ ನಿಧಾನವಾಗಬೇಕು. ಸದ್ದು ನಿಲ್ಲದಿದ್ದರೆ ಟ್ಯಾಂಕು ಬರಿದಾಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಕಿಡಿಯ ಬಗ್ಗೆ ಹೇಳುವುದಾದರೆ, ಪ್ಲಗ್ಗಿನ ತುದಿಯ ಅಂತರ ಒಂದು ಅಂಗುಲದ ಸಾವಿರದ 25 ಭಾಗ, ಪಾಯಿಂಟುಗಳದು 14ರಿಂದ 16 ಭಾಗ. ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ 1, 3, 4, 2. ಒತ್ತಡವನ್ನು ಮಾಪಕದಿಂದ ಅಳೆಯಬೇಕು. ಒಂದು ಸಿಲಿಂಡರಿನಲ್ಲಿ ಅದು ಕಡಿಮೆಯಿದ್ದರೆ ಅಲ್ಲಿಗೆ ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಏರಿದರೆ ದೋಷ ಪಿಸ್ಟನ್ನಿನ ಉಂಗುರಗಳಲ್ಲಿದೆ. ಏರದಿದ್ದರೆ ಬಹುಶಃ ವಾಲ್ವುಗಳಲ್ಲಿದೆ. ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವ ವ್ಯತಿರೇಕ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬ್ಯಾಟರಿಯನ್ನು ಕೂಡಿಸುವಾಗ ಮಾತ್ರ ಒಂದು ಎಚ್ಚರಿಕೆ ಬೇಕು. 1967ರವರೆಗಿನ ಕಾರುಗಳಲ್ಲಿ ಧನಾಗ್ರವನ್ನು ಒಡಲಿಗೆ ಸೇರಿಸುತ್ತಿದ್ದರು, ಅನಂತರದವುಗಳಲ್ಲಿ ಋಣಾಗ್ರವನ್ನು.

ಹೊಸಬರು ಸಾಮಾನ್ಯವಾಗಿ ಮಾಡುವ ಎರಡು ತಪ್ಪುಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು, ಉತ್ಸಾಹದಿಂದ ಇಡೀ ಕಾರನ್ನು ಬಿಚ್ಚಿಹಾಕುವುದು. ಬಿಚ್ಚುವುದು ಒಂದು ವಾರದ ಕೆಲಸ, ಜೋಡಿಸುವುದು ವರ್ಷಗಳದು. ಅಷ್ಟರಲ್ಲಿ ಯಾವ ಮೊಳೆ ಎಲ್ಲಿಯದೆಂಬುದೇ ಮರೆತು, ಪೆಟ್ಟಿಗೆಗಳಲ್ಲಿ ತುಂಬಿದ ಕಾರು ಅರ್ಧ ಬೆಲೆಗೆ ಮತ್ತೊಬ್ಬ ಹೊಸಬನ ಪಾಲಾಗುತ್ತದೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬಿಚ್ಚಿ, ಚಿತ್ರ ತೆಗೆದಿಟ್ಟು, ಅದನ್ನು ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಎರಡನೆಯದು, ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಮಲಗುವುದು. ಜಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಕಾರಿನ ತೂಕ ಸುಮಾರು ಒಂದು ಟನ್ನು. ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ಕಾರನ್ನು ಕೈಯಿಂದ ಅಲುಗಿಸಿ ನೋಡಿ, ಅನಂತರವೇ ತಲೆಯನ್ನು ಒಳಗೆ ಇಡತಕ್ಕದ್ದು.

ಎಂ.ಜಿ.ಬಿ. ನಮ್ಮಲ್ಲಿ ಹಲವರಿಗೆ ದೊರೆಯುವ ವಸ್ತುವಲ್ಲ. ಆದರೆ ತಾತನ ಕಾಲದ ಅಂಬಾಸಿಡರೋ ಹಳೆಯ ಸ್ಕೂಟರೋ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿರುವ ಮನೆಗಳು ನಮ್ಮ ಊರುಗಳಲ್ಲಿ ಇಂದಿಗೂ ಇವೆ. ಮುಂದಿನ ರಜೆಯಲ್ಲಿ ಸಹಪಾಠಿಗಳಾರಾದರೂ ಅಂಥದೊಂದರ ಮುಂದೆ ಕುಳಿತುಕೊಳ್ಳುವುದಾದರೆ ಈ ಬರಹ ಸಾರ್ಥಕವಾಯಿತೆಂದು ತಿಳಿಯುತ್ತೇನೆ. ಅವರಲ್ಲಿ ನನ್ನದೊಂದೇ ವಿನಂತಿ: ಅದು ಓಡುತ್ತದೆಯೇ ಎಂದು ನೋಡುವ ಮೊದಲು ನಿಲ್ಲುತ್ತದೆಯೇ ಎಂದು ನೋಡಲಿ.