ಮೂರು ಲಕ್ಷದ ರಾಜಿ, ಹದಿನಾಲ್ಕು ಲಕ್ಷದ ಹಕ್ಕು

ಹನ್ನೊಂದು ಮುಕ್ಕಾಲು ಲಕ್ಷ ರೂಪಾಯಿ. 2021ರಲ್ಲಿ ನಮ್ಮ ಮನೆಯಲ್ಲಿ ಬಿದ್ದ ಒಂದು ಸಹಿಯ ಬೆಲೆ ಇದು.

ಚಿಕ್ಕಪ್ಪನ ಮಗ ಸೆಂಟ್ರಿಂಗ್ ಕೆಲಸದಲ್ಲಿ ಮೂರನೇ ಅಂತಸ್ತಿನಿಂದ ಬಿದ್ದು ತೀರಿಕೊಂಡ. ತಿಥಿ ಮುಗಿಯುವ ಮೊದಲೇ ಗುತ್ತಿಗೆದಾರ ಮೂರು ಲಕ್ಷದ ಚೆಕ್ಕು, ಛಾಪಾ ಕಾಗದ ಹಿಡಿದು ಬಂದ. 'ಮುಂದೆ ಯಾವ ತಕರಾರೂ ಇಲ್ಲ' ಎಂದು ಅದರಲ್ಲಿತ್ತು. ಸತ್ತವನ ಹೆಸರಲ್ಲಿ ಕೋರ್ಟು ಕಚೇರಿ ಬೇಡ ಎಂದರು ಹಿರಿಯರು. ಅತ್ತಿಗೆ ರುಜು ಹಾಕಿದಳು.

ಈಗ ಲೆಕ್ಕ ನೋಡಿ. ಸಂಬಳ 18,000. ಆಗಿನ ನೌಕರರ ಪರಿಹಾರ ಕಾಯ್ದೆಯಡಿ 2020ರ ಜನವರಿ 3ರಿಂದ ಲೆಕ್ಕಕ್ಕೆ ಸಿಗುತ್ತಿದ್ದ ಗರಿಷ್ಠ ಸಂಬಳ 15,000. ಅದರಲ್ಲಿ ಅರ್ಧ 7,500. ವಯಸ್ಸು 35, ಅದಕ್ಕೆ ಕಾಯ್ದೆ ಕೊಡುವ ಅಂಶ 197.06. ಗುಣಿಸಿದರೆ 14,77,950. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ಅಂದರೆ ತಿಂಗಳಿಗೆ ಸುಮಾರು 14,780. ಇದರ ಮೇಲೆ ದಂಡವನ್ನೂ ಹಾಕಬಹುದು.

ಅತ್ತಿಗೆ ರುಜು ಹಾಕಿದ ಕಾಗದಕ್ಕೆ ಕಾನೂನಿನಲ್ಲಿ ಕಿಮ್ಮತ್ತಿರಲಿಲ್ಲ. ಹಕ್ಕು ಬಿಟ್ಟುಕೊಡುವ ಕರಾರು ಆ ಕಾಯ್ದೆಯ 17ನೇ ಕಲಮಿನಂತೆ ಅಸಿಂಧುವಾಗಿತ್ತು. ಸಾವಿನ ಪರಿಹಾರವನ್ನು ನೌಕರರ ಪರಿಹಾರ ಆಯುಕ್ತರಲ್ಲಿಯೇ ಠೇವಣಿ ಇಡಬೇಕಿತ್ತು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ನಾವು ಹಾಕಿದೆವು.

ಆಗ ಗುತ್ತಿಗೆದಾರ ಸಂಬಳ 9,000 ಎಂದ. ಅವನ ಮಾತು ನಿಂತಿದ್ದರೆ ಪರಿಹಾರ 8,86,770ಕ್ಕೆ ಇಳಿಯುತ್ತಿತ್ತು. ಕಾಪಾಡಿದ್ದು ತೀರಿಕೊಂಡ ಅಣ್ಣನ ಕಿಸೆ ಪುಸ್ತಕ. ಪ್ರತಿ ಶನಿವಾರದ ಬಟವಾಡೆಯನ್ನು ಪೆನ್ಸಿಲಿನಲ್ಲಿ ಬರೆದು, ಮೇಸ್ತ್ರಿಯ ಸಹಿಯನ್ನೂ ಹಾಕಿಸಿದ್ದ.

ಹಣ ಬಂದ ಸುದ್ದಿ ಹೊರಟದ್ದೇ ತಡ, ವಿಮೆ ಏಜೆಂಟ್ ಹಾಜರ್. 'ಒಂದೇ ಕಂತು ಕಟ್ಟಿ, ಹತ್ತು ವರ್ಷಕ್ಕೆ ದುಪ್ಪಟ್ಟು!' ದುಪ್ಪಟ್ಟು ಅಂದರೆ ವರ್ಷಕ್ಕೆ ಶೇ 7.2 ಅಷ್ಟೇ ಸ್ವಾಮಿ. ಅದಕ್ಕಾಗಿ ಇಬ್ಬರು ಮಕ್ಕಳ ವಿಧವೆ ತನ್ನ ದುಡ್ಡನ್ನು ಹತ್ತು ವರ್ಷ ಬೀಗ ಹಾಕಿ ಇಡಬೇಕೇ? ಶಾಲೆ ಶುಲ್ಕಕ್ಕೆ, ದಿನಸಿಗೆ ಯಾರ ಬಳಿ ಕೈಚಾಚಬೇಕು? ಇಂಥ ಮನೆಗೆ ಬೇಕಾದದ್ದು ತಿಂಗಳ ಬಡ್ಡಿ ಕೊಡುವ ಬ್ಯಾಂಕ್ ಠೇವಣಿ. ಮಕ್ಕಳ ಪಾಲು ಅವರ ಹೆಸರಿನಲ್ಲೇ ಇರಲಿ.

ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಇದ್ದಿದ್ದರೆ ಪರಿಹಾರ ಕಾಯ್ದೆಯ ತಂಟೆಯೇ ಬೇಕಿರಲಿಲ್ಲ. ಕೂಲಿಯ ಶೇ 90ರಷ್ಟು ಹಣ ಅವಲಂಬಿತರಿಗೆ ತಿಂಗಳು ತಿಂಗಳೂ ಬರುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದ್ದರೂ ಅರ್ಧ ಸಂಬಳಕ್ಕೆ ಅಂಶ ಗುಣಿಸುವ ಸೂತ್ರ ಹಾಗೇ ಉಳಿದಿದೆ.

ನಗದು ಕೂಲಿ ಎಣಿಸಿ ಜೇಬಿಗಿಳಿಸುವ ಗಂಡಸರೇ, ಮಾಲೀಕನ ಹೆಸರು, ಸೈಟಿನ ವಿಳಾಸ, ಸಿಗುವ ಕೂಲಿ ಹೆಂಡತಿಗೆ ಗೊತ್ತಿರಲಿ. ಬಟವಾಡೆ ಬ್ಯಾಂಕಿಗೆ ಬರಲಿ ಎಂದು ಹಟ ಹಿಡಿಯಿರಿ. ಸಂಬಳ ಎಷ್ಟೆಂದು ಹೇಳುವುದನ್ನೇ ಗಂಡಸ್ತನಕ್ಕೆ ಕುಂದು ಎಂದುಕೊಳ್ಳುವ ಮನೆಗಳಲ್ಲಿ ಕೊನೆಗೆ ಸಂಬಳ ಹೇಳುವವನು ಗುತ್ತಿಗೆದಾರನೇ.