ಕಲ್ಲು ಮತ್ತೆ ಮತ್ತೆ ಬರುತ್ತಿದೆಯೇ?

ಮೂತ್ರಪಿಂಡದಲ್ಲಿ ಕಲ್ಲಾದರೆ ಚಿಂಚೋಳಿ ಕಡೆ ನೀರನ್ನೇ ದೂರುತ್ತೇವೆ. ಆದರೆ ಕಲ್ಲು ಪದೇ ಪದೇ ಬಂದು, ಮೂಳೆ ನೋವು, ಸುಸ್ತು, ಮಲಬದ್ಧತೆಯೂ ಇದ್ದರೆ ರಕ್ತದ ಕ್ಯಾಲ್ಸಿಯಂ, ಪಿ.ಟಿ.ಎಚ್. ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹಿಂದಿನ 4 ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಒಂದು ಅತಿಯಾಗಿ ಕೆಲಸ ಮಾಡಿದರೂ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ.

ರೋಗ ಇದೆಯೇ ಎಂದು ಹೇಳುವುದು ರಕ್ತಪರೀಕ್ಷೆ. ಶಸ್ತ್ರಚಿಕಿತ್ಸೆಗೆ ಮುನ್ನ ಗ್ರಂಥಿ ಯಾವುದೆಂದು ತೋರಿಸುವುದು ಸೆಸ್ಟಮಿಬಿ ಸ್ಕ್ಯಾನ್. ಹೈದರಾಬಾದಿನ ನಿಮ್ಸ್‌ನಂತಹ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿದೆ. ನರಕ್ಕೆ ಅಲ್ಪ ವಿಕಿರಣದ ಔಷಧಿ ಚುಚ್ಚಿ, ಸ್ವಲ್ಪ ಹೊತ್ತಿಗೆ ಒಮ್ಮೆ, ಸುಮಾರು 2 ಗಂಟೆ ಬಿಟ್ಟು ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಥೈರಾಯ್ಡಿನಿಂದ ಔಷಧಿ ಬೇಗ ಹೊರಟುಹೋಗುತ್ತದೆ. ಕೆಟ್ಟ ಗ್ರಂಥಿಯಲ್ಲಿ ಉಳಿದು ಚುಕ್ಕೆಯಾಗಿ ಕಾಣುತ್ತದೆ. ಕಾಣದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮೊದಲೇ ತಿಳಿಸಬೇಕು. ಈ ಗಡ್ಡೆಯನ್ನು ನಮ್ಮ ಮಾಜೂನ್ ಕರಗಿಸದು, ತಡಮಾಡಬೇಡಿ.